ನರಸಿಂಹರಾಜಪುರದ ಎದುರು ಹಾಕಿದ ಟಿಕ್ ಗುರುತು

ಜಯಂತಿಯವರೇ, ನಿಮ್ಮ ಕೆಲಸ ಹೋಗುವಂತೆ ಮಾಡಿದವನು ನಾನು. ನರಸಿಂಹರಾಜಪುರದ ಕಚೇರಿಯಲ್ಲಿ ನೀವು ಕೂತು ತುಂಬಿಸಿದ್ದ ಆ ಬೇಸಿಗೆಯ ಮಣ್ಣು ಪರೀಕ್ಷೆಯ ವಿವರವೆಲ್ಲ ಅಳಿಸಿಹೋದದ್ದು ನಿಮ್ಮ ಕೈತಪ್ಪಿನಿಂದಲ್ಲ. ಮೊದಲು ನನ್ನ ಸೋಮಾರಿತನದಿಂದ, ಆಮೇಲೆ ನನ್ನ ಸುಳ್ಳಿನಿಂದ. ಸುಳ್ಳು ಅಂದೆನೇ — ಅದೂ ಪೂರ್ತಿ ಸರಿಯಲ್ಲ. ನಾನು ಆಡಿದ ಒಂದೊಂದು ಮಾತೂ ನಿಜವಾಗಿತ್ತು. ಅದಕ್ಕೇ ಇರಬೇಕು, ಇಷ್ಟು ವರ್ಷ ಕಳೆದರೂ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಕೊಪ್ಪದ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಮಣ್ಣು ಪರೀಕ್ಷೆ ಮಾಡಿ ಗೊಬ್ಬರ ಹೇಳುವ ನಮ್ಮ ಸಣ್ಣ ಕಂಪನಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಅಂತ ಮೂರೇ ಕಚೇರಿ. ಕೊಪ್ಪದಲ್ಲಿದ್ದ ಒಂದು ಸರ್ವರ್ ಮೂರೂ ಕಡೆಯ ಯಂತ್ರಗಳ ಮೇಲೆ ಕಣ್ಣಿಟ್ಟಿರುತ್ತಿತ್ತು. ದಿನಾ ಸಂಜೆ ನಾಲ್ಕಕ್ಕೆ ಎಲ್ಲರ ಕೆಲಸದ ಒಂದೊಂದು ಪ್ರತಿ ಫೋನ್ ಲೈನಿನಲ್ಲಿ ಬಂದು ಅದರಲ್ಲಿ ಸೇರುತ್ತಿತ್ತು. ಎರಡು ಸಾವಿರದ ಆರೋ ಏಳೋ, ಶಿವಮೊಗ್ಗದ ದೊಡ್ಡ ಕಂಪನಿಯೊಂದು ನಮ್ಮನ್ನು ಕೊಂಡುಕೊಂಡಿತು. ನಮ್ಮ ಯಂತ್ರಗಳನ್ನೆಲ್ಲ ಅವರ ನೆಟ್‌ವರ್ಕಿಗೆ, ಅವರ ಡೊಮೈನಿಗೆ ಸೇರಿಸಬೇಕೆಂದು ಅಪ್ಪಣೆಯಾಯಿತು. ಹೊಸ ಸರ್ವರೂ ಬಂತು. ಮನೆ ಬದಲಾಯಿಸಿದ ಹಾಗೆ ಅದು — ಪ್ರತಿ ಕಂಪ್ಯೂಟರಿಗೂ ಹೊಸ ವಿಳಾಸ ಕೊಡಬೇಕು, ಅದು ಹೊಸ ಸರ್ವರಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳಬೇಕು, ಅಲ್ಲಿಯವರೆಗೆ ಹಳೆಯದನ್ನು ನಿಲ್ಲಿಸಕೂಡದು. ಇಷ್ಟೇ ಕೆಲಸ. ಇಷ್ಟನ್ನೂ ನೆಟ್ಟಗೆ ಮಾಡಲಿಲ್ಲ.

ಫೆಬ್ರವರಿಯ ಒಂದು ಶುಕ್ರವಾರ. ನಮ್ಮ ಮ್ಯಾನೇಜರ್ ಶ್ರೀಧರಮೂರ್ತಿಯವರು ಹೊಸ ಸರ್ವರಿಗೆ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ತೆಂಗಿನಕಾಯಿ ಹಿಡಿದು ನಿಂತಿದ್ದರು. ಕೊಪ್ಪದ ಯಂತ್ರಗಳು ಪಟ್ಟಿಗೆ ಬಂದವು, ಶೃಂಗೇರಿಯದೂ ಬಂತು. ನರಸಿಂಹರಾಜಪುರ ಬರಲಿಲ್ಲ. ನಿಮ್ಮ ಕಡೆಯ ಲೈನ್ ಬೆಳಗಿನಿಂದಲೇ ಸತ್ತುಬಿದ್ದಿತ್ತು. ಗಡಿಯಾರದಲ್ಲಿ ಹತ್ತೂಕಾಲು.

"ಹತ್ತೂವರೆಗೆ ರಾಹುಕಾಲ ಮಾರಾಯ. ಅಷ್ಟರೊಳಗೆ ಹಳೇದನ್ನ ಬಂದ್ ಮಾಡಿ ಮುಗಿಸು" ಅಂದರು.

ಅವರದೇನೂ ತಪ್ಪಿಲ್ಲ. ಒಂದು ಊರು ಇನ್ನೂ ಬಂದಿಲ್ಲ ಸರ್ ಅಂದಿದ್ದರೆ ಕಾಯಿ ಒಡೆಯುವುದನ್ನು ಸೋಮವಾರಕ್ಕೆ ಹಾಕುತ್ತಿದ್ದರು, ಅಷ್ಟೇ. ಎಲ್ಲರೂ ಪ್ರಸಾದಕ್ಕೆ ಕಾಯುತ್ತಿದ್ದರು. ಯಾವ ಯಾವ ಕಚೇರಿ ಸೇರಿತು ಅಂತ ಶಿವಮೊಗ್ಗಕ್ಕೆ ಕಳಿಸಬೇಕಾದ ಹಾಳೆಯಲ್ಲಿ ನರಸಿಂಹರಾಜಪುರದ ಎದುರು ಟಿಕ್ ಹಾಕಿ ಹಳೆಯದನ್ನು ನಿಲ್ಲಿಸಿದೆ. ಲೈನ್ ಸರಿಯಾದ ಮೇಲೆ ಬಸ್ಸು ಹತ್ತಿ ಬಂದು ನಿಮ್ಮ ಯಂತ್ರಕ್ಕೆ ಹೊಸ ವಿಳಾಸ ಕೊಟ್ಟರಾಯಿತು ಅಂದುಕೊಂಡೆ. ನಾಳೆ ಹೋಗೋಣ, ಸೋಮವಾರ ಹೋಗೋಣ... ಲೈನೇನೋ ಎರಡೇ ದಿನಕ್ಕೆ ಸರಿಯಾಯಿತು. ನಾನು ಮಾತ್ರ ಹೋಗಲಿಲ್ಲ. ಆಮೇಲೆ ಮರೆತೆ — ಇಲ್ಲ, ಮರೆಯಲಿಲ್ಲ. ಟಿಕ್ ಹಾಕಿದ ಮೇಲೆ ಏಕೆ ಹೋದೆ ಎಂದು ಯಾರಾದರೂ ಕೇಳಿಯಾರು ಅಂತ ಹೆದರಿದೆ. ನಿಮ್ಮ ಯಂತ್ರ ಪಾಪ, ದಿನಾ ನಾಲ್ಕಕ್ಕೆ ಇಲ್ಲದ ಸರ್ವರನ್ನು ಹುಡುಕಿ ಸುಮ್ಮನಾಗುತ್ತಿತ್ತು. ಹೊಸದಕ್ಕೆ ನಿಮ್ಮ ಹೆಸರೇ ಗೊತ್ತಿಲ್ಲ, ಅದು ಎಚ್ಚರಿಸುವುದಾದರೂ ಯಾರನ್ನು!

ಏಪ್ರಿಲ್ ನಡುವಿನಲ್ಲಿ ನಿಮ್ಮ ಯಂತ್ರದ ಡಿಸ್ಕ್ ಕೆಟ್ಟಿತು. ಪ್ರತಿ ಎಲ್ಲಿ ಅಂತ ಶ್ರೀಧರಮೂರ್ತಿಯವರು ನಮ್ಮಿಬ್ಬರನ್ನೂ ಕೊಪ್ಪಕ್ಕೆ ಕರೆಸಿ ಬೈದು ಕೇಳಿದರು. ಪರೀಕ್ಷೆಯ ಫಲಿತಾಂಶ ಬರೆದ ಚೀಟಿಗಳನ್ನು, ಕಂಪ್ಯೂಟರಿಗೆ ತುಂಬಿಸಿದ ಮೇಲೆ ನಿಯಮದಂತೆ ಎಸೆದಾಗಿತ್ತು. ಇನ್ನೂರು ಮುನ್ನೂರು ಮನೆಯವರು ಮತ್ತೆ ಮಣ್ಣು ತರಬೇಕು. ನೀವು ನಿಮ್ಮೂರಾದ ಸೀತೂರಿನಿಂದ ಬಸ್ಸು ಬದಲಾಯಿಸಿ ಬಂದು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಿರಿ.

"ಅವರು ಗುಡುಗು ಬಂದಾಗೆಲ್ಲ ಮೇನ್ ಆಫ್ ಮಾಡ್ತಾರೆ ಸರ್. ಪ್ರತಿ ಹೋಗೋದು ನಾಲ್ಕು ಗಂಟೆಗೆ" ಅಂದೆ.

ಎರಡೇ ವಾಕ್ಯ. ನೀವು ಯಂತ್ರ ಆರಿಸಿದ್ದರಿಂದಲೇ ಪ್ರತಿ ಬಂದಿಲ್ಲ ಅಂತ ಅವರು ತಿಳಿಯಲು ಅಷ್ಟು ಸಾಕಾಯಿತು. ಹಾಗೆ ಮಾಡಿ ಅಂತ ಹಿಂದಿನ ವರ್ಷ ನಿಮಗೆ ಹೇಳಿಕೊಟ್ಟವನು ನಾನೇ, ಸಿಡಿಲಿಗೆ ಎರಡು ಮೋಡೆಮ್ ಸುಟ್ಟುಹೋದ ಮೇಲೆ. ನೀವು ನನ್ನ ಮುಖ ನೋಡಿದಿರಿ. ನನ್ನ ಹೆಸರು ಹೇಳುತ್ತೀರಿ ಅಂದುಕೊಂಡೆ. "ಹೌದು ಸರ್, ಮಾಡ್ತೇನೆ" ಅಂತ ಮಾತ್ರ ಅಂದಿರಿ. ಫೆಬ್ರವರಿಯಲ್ಲಿ, ಮಾರ್ಚಿನಲ್ಲಿ ದಿನಾ ಗುಡುಗು ಎಲ್ಲಿಂದ ಬರಬೇಕು ಅಂತ ಮಲೆನಾಡಿನಲ್ಲೇ ಹುಟ್ಟಿ ಬೆಳೆದ ನಾವು ಮೂವರೂ ಯೋಚಿಸಲಿಲ್ಲ. ಅಲ್ಲ, ನಾನು ಯೋಚಿಸಿದ್ದೆ. ಬೇರೆ ಯಾರಿಗೂ ಹೊಳೆಯದಿರಲಿ ಅಂತ ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ, ಥೂ. ತಿಂಗಳ ಕೊನೆಗೆ ನಿಮ್ಮನ್ನು ಬಿಡಿಸಿದರು. ಮರುದಿನವೇ ನಾನು ನರಸಿಂಹರಾಜಪುರಕ್ಕೆ ಬಂದು, ನಿಮ್ಮ ಕುರ್ಚಿಯಲ್ಲೇ ಕೂತು, ಹತ್ತು ನಿಮಿಷದಲ್ಲಿ ಹೊಸ ಡಿಸ್ಕ್ ಹಾಕಿದ ಯಂತ್ರವನ್ನು ಹೊಸ ಡೊಮೈನಿಗೆ ಸೇರಿಸಿದೆ. ಹತ್ತೇ ನಿಮಿಷದ ಕೆಲಸ ಜಯಂತಿಯವರೇ.

ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೇ ಸಾಯುತ್ತಿದ್ದೆನೇನೋ, ಹೋದ ತಿಂಗಳು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನೀವು ಸಿಗದಿದ್ದರೆ. ನೀವೇ ಗುರುತು ಹಿಡಿದು ಹತ್ತಿರ ಬಂದಿರಿ. ಆಮೇಲೆ ಬೇರೆಲ್ಲೂ ಕೆಲಸಕ್ಕೆ ಕೇಳಲಿಲ್ಲ ಅಂದಿರಿ. ಮಗಳು ಮೊಬೈಲ್ ಕಲಿಸಲು ಬಂದರೂ ಮುಟ್ಟುವುದಿಲ್ಲವಂತೆ, ಮುಟ್ಟಿದರೆ ಏನಾದರೂ ಅಳಿಸಿಹೋಗುತ್ತದೆ ಅನ್ನುವ ಹೆದರಿಕೆಯಂತೆ. ನಗುತ್ತಲೇ ಹೇಳಿದಿರಿ. ಆಮೇಲೆ ದನಿ ತಗ್ಗಿಸಿ —

"ಅವತ್ತು ನನ್ನಿಂದಾಗಿ ನೀವೂ ಬೈಸ್ಕೊಂಡ್ರಿ ಮಾರಾಯ್ರೆ. ಒಂದು ಸಲ ಸಿಕ್ಕಿ ಕ್ಷಮೆ ಕೇಳ್ಬೇಕು ಅಂತ ಇತ್ತು ನಂಗೆ."

ಆಗಲಾದರೂ ಹೇಳಬಹುದಿತ್ತು. ಬಸ್ಸು ಬರಲು ಇನ್ನೂ ಹೊತ್ತಿತ್ತು, ಸುತ್ತ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ನಾನೇನು ಹೇಳಿದೆ ನೆನಪಿದೆಯೇ? "ಇರಲಿ ಬಿಡಿ, ಆದದ್ದು ಆಯ್ತು." ದೊಡ್ಡ ಮನುಷ್ಯನ ಹಾಗೆ — ನಿಮ್ಮನ್ನು ಕ್ಷಮಿಸಿಬಿಟ್ಟೆ.

ನಿವೃತ್ತರಾಗಿ ಶೃಂಗೇರಿಯಲ್ಲಿರುವ ಶ್ರೀಧರಮೂರ್ತಿಯವರ ಮನೆಗೆ ನಿನ್ನೆ ಹೋಗಿ ಇದಿಷ್ಟನ್ನೂ ಹೇಳಿದೆ. ಅವರು ಕಾಫಿ ಕುಡಿಯಿರಿ ಅಂತಲೂ ಅನ್ನಲಿಲ್ಲ. ಭಾನುವಾರ ಸೀತೂರಿಗೆ ಬರುತ್ತೇನೆ. ಈ ಕಾಗದವನ್ನು ಅಂಚೆಗೆ ಹಾಕಿ ಸುಮ್ಮನಾಗುವವನಲ್ಲ. ನಿಮ್ಮ ಯಜಮಾನರು, ಮಗಳು ಎಲ್ಲರೂ ಇರುವಾಗ, ಅವರ ಎದುರಿಗೇ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮೆ ಕೇಳಲು ಬರುತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಾನು ಕೊಟ್ಟೆನಲ್ಲ, ಅದನ್ನು ವಾಪಸು ತೆಗೆದುಕೊಳ್ಳಲು ಬರುತ್ತಿದ್ದೇನೆ.