ಅತ್ತಿಗೆ ಕಳಿಸಿದ ಒಣನೆಲ್ಲಿಕಾಯಿ

ನನ್ನ ಅತ್ತಿಗೆ, ಅಂದರೆ ಗಂಡನ ಅಕ್ಕ, ಟಿ. ನರಸೀಪುರದಲ್ಲಿದ್ದಾರೆ, ವಿಜ್ಞಾನದ ಟೀಚರಾಗಿ ನಿವೃತ್ತರಾದವರು. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬಚ್ಚಿಟ್ಟು ಏನಾಗಬೇಕು?

ನಮ್ಮ ಯಜಮಾನರಿಗೆ ಕುಡಿತದ ಚಟವಿತ್ತು. ಬೆಳಿಗ್ಗೆ ಹೊಟ್ಟೆ ಉರಿಯೆಂದು ಗೋಳಾಟ, ಸಂಜೆಯಾದರೆ ಮತ್ತೆ ಬಾಟಲಿ. ಬಿಡಿ ಎಂದು ಕಣ್ಣೀರು ಹಾಕಿದೆ, ಜಗಳವಾಡಿದೆ, ಹುಲ್ಲಹಳ್ಳಿಯ ತವರಿಗೆ ಹೋಗಿ ತಿಂಗಳು ಕೂತೆ. ಗೋಡೆಗೆ ಹೇಳಿದ ಹಾಗಾಯಿತು.

ಒಂದು ದಿನ ಅತ್ತಿಗೆ ಇವರಿಗೆ ಫೋನ್ ಮಾಡಿದರು. "ಕುಡಿದಾಗ ಹೊಟ್ಟೆಯ ಒಳಪದರ ಹಾಳಾಗುತ್ತೆ ಕಣೋ. ನೆಲ್ಲಿಕಾಯಿ, ಸೀಬೆಹಣ್ಣಲ್ಲಿ ಆಂಟಿಆಕ್ಸಿಡೆಂಟ್ ಇರುತ್ತೆ. ಅದು ಆ ಪದರಾನ ಒಂದಿಷ್ಟು ಕಾಪಾಡಬಹುದು ಅಂತಾರೆ. ದಿನಾ ತಿನ್ನು, ಕುಡಿಯೋದನ್ನೂ ಬಿಡು."

ಮಾರನೆಯ ದಿನವೇ ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿಯ ಡಬ್ಬಿ ಬಸ್ ಡ್ರೈವರ್ ಕೈಲಿ ನಮ್ಮೂರು ನಂಜನಗೂಡಿಗೆ ಬಂತು. ನಾನು ಕೊಟ್ಟ ಮಜ್ಜಿಗೆಯನ್ನು ಮೂಸಿಯೂ ನೋಡದ ಮನುಷ್ಯ ಸ್ಟ್ಯಾಂಡಿಗೆ ಓಡಿಹೋಗಿ, ಅದನ್ನು ಪ್ರಸಾದದ ಹಾಗೆ ಎರಡು ಕೈಯಲ್ಲಿ ಹಿಡಿದು ತಂದರು.

ತಿಂದದ್ದು ಯಾವಾಗ ಅಂತೀರಿ? ಸಂಜೆ, ಗ್ಲಾಸಿನ ಜೊತೆ! ಕಡ್ಲೆಬೀಜದ ಬದಲು ನೆಲ್ಲಿಕಾಯಿ ನೆಂಚಿಕೊಳ್ಳುವುದು ಶುರುವಾಯಿತು. "ಅಕ್ಕ ಏಳವ್ಳೆ ಕಣೇ, ಇದಿದ್ರೆ ಒಟ್ಟೆಗೇನೂ ಆಗಕಿಲ್ಲ," ಎಂದು ಇನ್ನೊಂದು ಗ್ಲಾಸು ತುಂಬಿಸಿಕೊಂಡರು.

"ಬಿಡು ಅಂತಾನೂ ಏಳವ್ರೆ. ಅದು ಕಿವಿಗೆ ಬೀಳ್ನಿಲ್ವಾ?" ಎಂದೆ. ಇನ್ನೊಂದು ನೆಲ್ಲಿಕಾಯಿ ಬಾಯಿಗೆ ಹಾಕಿಕೊಂಡರು.

ತಿಂಗಳಿಗೊಂದು ಡಬ್ಬಿ ಬರುತ್ತಿತ್ತು. ಬಂದಾಗಲೆಲ್ಲ ಅಕ್ಕನ ಗುಣಗಾನ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಒಂದು ಸಲ ನಾನೇ ಸ್ಟ್ಯಾಂಡಿಗೆ ಹೋಗಿ ಡಬ್ಬಿ ತಂದು, ಅಟ್ಟದ ಮೇಲೆ ಬಚ್ಚಿಟ್ಟು, ಬಂದೇ ಇಲ್ಲ ಎಂದುಬಿಟ್ಟೆ.

ಮೂರು ವಾರಕ್ಕೆ ಇವರು ರಕ್ತ ಕಾರಿಕೊಂಡರು. ಆಸ್ಪತ್ರೆಯಲ್ಲಿ ಡಾಕ್ಟರನ್ನು ಪಕ್ಕಕ್ಕೆ ಕರೆದು, "ನೆಲ್ಲಿಕಾಯಿ ಬಚ್ಚಿಟ್ಬುಟ್ಟಿದ್ದೆ ಸಾ, ಅದ್ಕೇ ಇಂಗಾಯ್ತಾ?" ಎಂದು ಕೇಳಿದೆ.

"ಅದರಿಂದಲ್ಲಮ್ಮ, ಕುಡಿತದಿಂದ. ಅಂಥವು ಹೊಟ್ಟೆಗೆ ಸ್ವಲ್ಪ ಸಹಾಯ ಮಾಡಬಹುದೇನೋ, ಗಟ್ಟಿಯಾಗಿ ಹೇಳೋಕಾಗಲ್ಲ. ಅದನ್ನು ನಂಬಿಕೊಂಡು ಕುಡೀತಾ ಹೋದ್ರೆ ಏನೂ ಉಳಿಯಲ್ಲ. ಮೊದಲು ಬಿಡಿಸಿ," ಎಂದರು.

ಮಧ್ಯಾಹ್ನ ಅತ್ತಿಗೆ ಬಂದರು. ಮಂಚದ ಪಕ್ಕ ಕೂತು ತಮ್ಮನ ತಲೆ ಸವರಿ, "ಬಿಟ್ಬಿಡೋ," ಎಂದರು. ಅಷ್ಟೇ. ಇವರು ಮಗುವಿನ ಹಾಗೆ ಅತ್ತು, "ಬಿಟ್ಟೆ ಕಣಕ್ಕ, ನಿನ್ನಾಣೆ," ಎಂದರು.

ನಿಜವಾಗಿಯೂ ಬಿಟ್ಟರು. ವರ್ಷ ತುಂಬಿತು. ಈಗ ಹೊಟ್ಟೆ ತುಂಬ ಉಣ್ಣುತ್ತಾರೆ, ಮುಖದಲ್ಲಿ ಕಳೆ ಬಂದಿದೆ. ದೇವರಿಗೆ ದಿನಾ ಕೈ ಮುಗಿಯುತ್ತೇನೆ. ಅದರಲ್ಲಿ ಸುಳ್ಳಿಲ್ಲ.

ಹೇಗೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ, "ನಮ್ಮಕ್ಕ ಒಂದೇ ಒಂದು ಮಾತು ಏಳಿದ್ಲು, ಬಿಟ್ಬುಟ್ಟೆ," ಎನ್ನುತ್ತಾರೆ. ಇಪ್ಪತ್ತು ವರ್ಷ ಅದೇ ಮಾತು ಹೇಳಿದವಳು ನಾನು. ಪಕ್ಕದಲ್ಲೇ ನಿಂತು ಹೂಂ ಎನ್ನುತ್ತೇನೆ.