ಬೇಬಿ ಅತ್ತೆ ಮತ್ತು ಕೇರಿಯ ಕಜ್ಜಿ

ಬೇಬಿ ಅತ್ತೆ ಮಕ್ಕಳ ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. ಮೀನಿನ ಬುಟ್ಟಿ ಇಳಿಸಿದ್ದೇ ತಡ, "ಹ್ವಾಯ್, ಬಾ ಇಲ್ಲ್. ಕೈ ಕೊಡ್, ಕಾಂಬ" ಎಂದು ಕರೆದು, ನಮ್ಮ ಬೆರಳುಗಳನ್ನು ಬಿಡಿಸಿ ಸಂದುಗಳನ್ನು ಪರೀಕ್ಷಿಸುತ್ತಿದ್ದರು. ಬಂಗುಡೆಯ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ಎಂದು ನೋಡುವಾಗಲೂ ಅವರ ಹಣೆಯ ಮೇಲೆ ಅದೇ ಗೆರೆ ಮೂಡುತ್ತಿತ್ತು. ತಪ್ಪಿಸಿಕೊಂಡು ಓಡೋಣವೆಂದರೆ ಆ ಹಿಡಿತ ಸಡಿಲವಾಗುವಂಥದ್ದಲ್ಲ. ಹೆಸರಿಗೆ ಬೇಬಿ, ಆಳು ಮಾತ್ರ ಬಾಗಿಲು ತುಂಬ. ನನಗೆ ಅವರು ರಕ್ತಸಂಬಂಧದ ಅತ್ತೆಯಲ್ಲ, ಪಕ್ಕದ ಮನೆಯವರು. ಆದರೆ ಬೀಜಾಡಿಯ ಕಡಲ ಬದಿಯ ನಮ್ಮ ಕೇರಿಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಅವರು ಅತ್ತೆಯೇ.

ಈ ಕೈ ನೋಡುವ ಚಾಳಿ ಅವರಿಗೆ ಅಂಟಿದ್ದು ನನ್ನಿಂದ. ತೊಂಬತ್ತರ ದಶಕದ ಕೊನೆ, ನಾನಾಗ ನಾಲ್ಕನೇ ಕ್ಲಾಸು. ಬೆರಳ ಸಂದಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದು, ತುರಿಸಿ ತುರಿಸಿ ಕೀವಾಗಿತ್ತು. ಕಜ್ಜಿ. ಅಮ್ಮನಿಗೆ ಅದನ್ನು ಯಾರೊಡನೆಯೂ ಹೇಳಿಕೊಳ್ಳಲು ನಾಚಿಕೆ. ಉಪ್ಪುನೀರಲ್ಲಿ ಮಿಂದರೆ ಎಂಥ ಕಜ್ಜಿಯೂ ಹೋಗುತ್ತದೆ ಎಂಬುದು ಅವಳ ನಂಬಿಕೆ. ಮಳೆಗಾಲದ ಕಡಲಿಗೆ ಇಳಿಯುವಂತಿಲ್ಲವಲ್ಲ, ಅದಕ್ಕೆ ಕೊಡಪಾನದಲ್ಲಿ ಕಡಲ ನೀರು ತಂದು ಹಿತ್ತಿಲಲ್ಲಿ ನನ್ನ ಮೇಲೆ ಹೊಯ್ಯುತ್ತಿದ್ದಳು. ಒಡೆದ ಗುಳ್ಳೆಗೆ ಉಪ್ಪುನೀರು ಬಿದ್ದರೆ ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು.

ಉರಿಯನ್ನಾದರೂ ಸಹಿಸಿಕೊಂಡೇನು, ಶಾಲೆಯದ್ದು ಸಹಿಸಲಾಗುತ್ತಿರಲಿಲ್ಲ. ಟೀಚರು ನನ್ನನ್ನು ಬಾಗಿಲ ಬಳಿ ಒಬ್ಬಳನ್ನೇ ಕೂರಿಸಿದ್ದರು. ಆಗಸ್ಟ್ ಹದಿನೈದಕ್ಕೆ ನಮ್ಮ ಕ್ಲಾಸಿನ ಹುಡುಗಿಯರದು ಕೈ ಕೈ ಹಿಡಿದು ಸುತ್ತುವ ನೃತ್ಯವಿತ್ತು. ಅಭ್ಯಾಸ ಶುರುವಾದ ದಿನವೇ ನನ್ನ ಗೆಳತಿ ಸುಮತಿ ಕೈ ಹಿಂದಕ್ಕೆ ಎಳೆದುಕೊಂಡಳು. "ನಿನ್ ಕೈ ಹಿಡುಕಾಗ ಅಂದಿದ್ಲ್ ಅಮ್ಮ" ಎಂದಳು. ಅವಳಿಗೂ ಅಳು ಬಂದಿತ್ತು. ನಾನು ಮನೆಗೆ ಬಂದು, ಇನ್ನು ಶಾಲೆಗೆ ಹೋಗುವುದೇ ಇಲ್ಲವೆಂದು ಹಟ ಹಿಡಿದೆ.

ಅಂದು ಸಂಜೆ ಕೊಡಪಾನದ ನೀರು ಬಿದ್ದಾಗ ನಾನು ಕಿರುಚಿದ್ದು ಬೇಲಿಯಾಚೆಗೂ ಕೇಳಿತು. ಬೇಬಿ ಅತ್ತೆ ಬಂದರು. ಅಮ್ಮ ನನ್ನ ಕೈಗಳನ್ನು ಸೆರಗಿನಲ್ಲಿ ಮುಚ್ಚಿದಳು.

"ಎಂತಕ್ಕೆ ಅಡ್ಗ್ಸ್ತೆ ಮಾರಾಯ್ತಿ? ಕಜ್ಜಿ ಅಂದ್ರೆ ಕದ್ದ್ ತಂದ ಮಾಲಾ?"

ಮರುದಿನ ಒಣಮೀನು ಮಾರುವ ನೆವದಲ್ಲಿ ಅವರು ಕೇರಿಯ ಮನೆಮನೆಗೆ ಹೋಗಿ ಮಕ್ಕಳ ಕೈ ಬಿಡಿಸಿ ನೋಡಿದರು. ಒಂದು ಮನೆ ಬಿಟ್ಟು ಒಂದರಲ್ಲಿ ಕಜ್ಜಿ! ಪ್ರತಿಯೊಬ್ಬ ತಾಯಿಯೂ ತನ್ನ ಮಗುವಿಗೆ ಮಾತ್ರ ಬಂದಿದೆ ಎಂದುಕೊಂಡು ಬಾಯಿ ಮುಚ್ಚಿ ಕೂತಿದ್ದಳು. ನನ್ನ ಕೈ ಹಿಡಿಯಬಾರದೆಂದ ಸುಮತಿಯ ಅಮ್ಮನೂ ತಮ್ಮ ಸಣ್ಣ ಮಗನನ್ನು ಉದ್ದ ತೋಳಿನ ಅಂಗಿಯಲ್ಲಿ ಮುಚ್ಚಿಟ್ಟಿದ್ದರು.

ಬೇಬಿ ಅತ್ತೆ ನನ್ನನ್ನು ಬಸ್ಸು ಹತ್ತಿಸಿ ಕುಂದಾಪುರದ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಒಂದಿಷ್ಟೂ ಗಾಬರಿಯಾಗಲಿಲ್ಲ. "ಮಕ್ಕಳಿರುವ ಮನೆಯಲ್ಲಿ ಇದು ಮಾಮೂಲಿ, ನಾಚಿಕೆ ಎಂತಕ್ಕೆ?" ಎಂದರು. "ಆದರೆ ಈ ಔಷಧಿಯನ್ನು ಒಬ್ಬಳಿಗೆ ಹಚ್ಚಿದರೆ ಪ್ರಯೋಜನವಿಲ್ಲ. ಒಟ್ಟಿಗೆ ಇರುವವರೆಲ್ಲ ಒಂದೇ ದಿನ ಕುತ್ತಿಗೆಯಿಂದ ಪಾದದವರೆಗೆ ಹಚ್ಚಬೇಕು, ತುರಿಕೆ ಇರಲಿ, ಇಲ್ಲದಿರಲಿ. ಬಟ್ಟೆ, ಹೊದಿಕೆ ಎಲ್ಲ ಬಿಸಿನೀರಲ್ಲಿ ಒಗೆಯಬೇಕು." ವಾಪಸು ಬರುವಾಗ ಬೇಬಿ ಅತ್ತೆ ಬಸ್ಸಿನಲ್ಲಿ ಬೆರಳು ಮಡಚಿ ಕೇರಿಯ ಮನೆಗಳನ್ನು ಎಣಿಸುತ್ತಿದ್ದರು. ಅವರು ಹಾಗೆ ಎಣಿಸತೊಡಗಿದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

ಒಟ್ಟಿಗೆ ಇರುವವರು ಅಂದರೆ ಯಾರು? ನಮ್ಮ ಕೇರಿಯ ಮಕ್ಕಳು ಎಲ್ಲಿ ಆಡಿದರೋ ಅಲ್ಲೇ ಉಂಡು ಅಲ್ಲೇ ಮಲಗುವವರು. ಗಂಡಸರು ದೋಣಿಯಲ್ಲಿ ಒಬ್ಬರ ಕಂಬಳಿ ಒಬ್ಬರು ಹೊದೆಯುವವರು. ಬೇಬಿ ಅತ್ತೆಯ ಲೆಕ್ಕದಲ್ಲಿ ಕೇರಿಗೆ ಕೇರಿಯೇ ಒಂದು ಮನೆ. "ಈಗ ದೋಣಿ ಮೇಲಿತ್ತ್, ಗಂಡಸ್ರೆಲ್ಲ ಮನಿಯಂಗೇ ಇದ್ರ್. ಈಗ ಹಚ್ದಿದ್ರೆ ಇನ್ ಬಪ್ಪ ಮಳಿಗಾಲಕ್ಕೇ" ಎಂದು ಮನೆಮನೆಯ ಜಗಲಿಯಲ್ಲಿ ನಿಂತು ಸಾರಿದರು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು, ದೋಣಿಗಳು ದಡದ ಚಪ್ಪರ ಸೇರಿ, ಕೇರಿಯವರೆಲ್ಲ ಒಟ್ಟಿಗೆ ಸಿಗುವುದು ಆಗ ಮಾತ್ರ.

ಗೊತ್ತುಮಾಡಿದ ದಿನ ಎಲ್ಲ ಮನೆಯ ಬಚ್ಚಲ ಹಂಡೆಗಳೂ ಕುದಿದವು. ಒಗೆದ ಬಟ್ಟೆಗಳು ದೋಣಿಗಳ ಚಪ್ಪರದೊಳಗೆ ಹಗ್ಗದ ಮೇಲೆ ಒಣಗಿದವು. ಹೆಂಗಸರು ಮಕ್ಕಳು ಮನೆಯೊಳಗೆ ಹಚ್ಚಿಕೊಂಡರು. ಗಂಡಸರು ಸೊಂಟಕ್ಕೆ ಬರಿ ಬೈರಾಸು ಸುತ್ತಿಕೊಂಡು ಆ ಚಪ್ಪರದಡಿ ಸಾಲಾಗಿ ಕೂತರು. ಅವರಲ್ಲಿ ಸೋಮ ಮಾವ ಒಬ್ಬರು ಮಾತ್ರ ಎದ್ದು ಹೊರಟರು. ಅವರು ದೋಣಿ ನಡೆಸುವ ತಾಂಡೇಲ, ಅವರು ಹೋದರೆ ಉಳಿದವರೂ ಹೋಗುವವರೇ.

"ನಂಗೆಂತ ತುರ್ಸ್ತಿಲ್ಲೆ ಮಾರಾಯ್ತಿ."

"ತುರ್ಸು ತನಕ ಕಾಯುಕೆ ಅದೆಂತ ನೆಂಟ್ರಾ? ಕೂಕೋ ಸುಮ್ನೆ!" ಎಂದು ಬೇಬಿ ಅತ್ತೆ ಔಷಧಿಯ ಬಾಟಲಿಯನ್ನು ಅವರ ಕೈಗೆ ತುರುಕಿದರು.

ಸೋಮ ಮಾವ ಕೂತರು. ಎಂಥ ಗಾಳಿಗೂ ಜಗ್ಗದ ಅವರು ಆ ಬಿಳಿ ಔಷಧಿಯ ಉರಿಗೆ ಚಪ್ಪರದ ತುಂಬ ಕುಣಿದಾಡಿದ್ದನ್ನು ನಾವು ಮಕ್ಕಳು ಬೇಲಿಯ ಸಂದಿನಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಜ್ಜಿ ಬಂದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ವಾರ ಬಿಟ್ಟು ಇನ್ನೊಂದು ಸುತ್ತು ಹಚ್ಚಿದರು. ಆಮೇಲೂ ಸ್ವಲ್ಪ ಕಾಲ ತುರಿಕೆ ಇದ್ದೇ ಇತ್ತು, ನನಗೆ ಇನ್ನು ವಾಸಿಯಾಗುವುದಿಲ್ಲವೆಂಬ ಹೆದರಿಕೆ. ಬೇಬಿ ಅತ್ತೆ ಮಾತ್ರ ದಿನಾ ಬಂದು ಬೆರಳು ಬಿಡಿಸಿ ನೋಡುತ್ತಿದ್ದರು. ಒಂದು ದಿನ "ಎಂತದೂ ಇಲ್ಲೆ. ನಡಿ ಶಾಲಿಗೆ" ಎಂದು ತಾವೇ ಹೊರಟರು.

ಶಾಲೆಯಲ್ಲಿ ಟೀಚರು ಅನುಮಾನದಿಂದಲೇ ನನ್ನ ಕೈ ನೋಡಿದರು. ಕಪ್ಪು ಕಲೆಗಳು ಇನ್ನೂ ಉಳಿದಿದ್ದವು. ಬೇಬಿ ಅತ್ತೆ ವಾದಕ್ಕೆ ಹೋಗಲಿಲ್ಲ. ಇಡೀ ಕ್ಲಾಸಿನ ಮುಂದೆ ನನ್ನ ಎರಡೂ ಅಂಗೈಗಳನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ನಿಂತರು. "ಕಾಣಿ ಟೀಚರ್ರೇ, ಇಷ್ಟೇ. ಗುಣ ಆಯ್ತ್" ಎಂದರು. ಟೀಚರು ನಕ್ಕುಬಿಟ್ಟರು. ಮಧ್ಯಾಹ್ನದ ಅಭ್ಯಾಸಕ್ಕೆ ಸುಮತಿ ತಾನಾಗಿಯೇ ಬಂದು ನನ್ನ ಕೈ ಹಿಡಿದಳು. ಆಗಸ್ಟ್ ಹದಿನೈದರಂದು ನಾವು ಹೇಗೆ ಕುಣಿದೆವೋ ನೆನಪಿಲ್ಲ, ಹಿಡಿದ ಕೈ ಬಿಡಲಿಲ್ಲ ಎಂಬುದಷ್ಟೇ ನೆನಪು.

ನಾನು ಮದುವೆಯಾಗಿ ಬ್ರಹ್ಮಾವರಕ್ಕೆ ಬಂದೆ. ಬೇಬಿ ಅತ್ತೆ ಸೊಂಟ ಮುರಿದುಕೊಂಡು ಬೈಂದೂರಿನ ಮಗಳ ಮನೆಗೆ ಹೋದರು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಅದಕ್ಕೆ ಸ್ವಲ್ಪ ಮೊದಲು ಅವರನ್ನು ನೋಡಲು ಹೋಗಿದ್ದೆ. ಬಾಗಿಲು ತುಂಬುತ್ತಿದ್ದ ಹೆಂಗಸು ಮಂಚದ ಮೂಲೆಗೆ ಸೇರಿದ್ದರು. ನನ್ನನ್ನು ಕಂಡದ್ದೇ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡರು. ಯಾವುದೋ ಮಾತ್ರೆ ಒಗ್ಗದೆ ಮೈಯೆಲ್ಲ ಸಿಪ್ಪೆ ಎದ್ದಿತ್ತು. ಅಂಟುವ ರೋಗವಲ್ಲವೆಂದು ಡಾಕ್ಟರು ಹೇಳಿದ್ದರೂ ನೋಡಲು ಬಂದವರು ದೂರವೇ ಕೂರುತ್ತಿದ್ದಾರೆಂದು ಮಗಳು ಬೇಸರಪಟ್ಟಳು.

"ಕೈ ಕೊಡಿ ಅತ್ತೆ, ಕಾಂಬ" ಎಂದೆ.

"ಬ್ಯಾಡ ಮಗಾ. ಮುಟ್ಬ್ಯಾಡ. ಚಂದ ಇಲ್ಲೆ."

ನಾನು ಮಂಚದ ಮೇಲೆ ಅವರ ಪಕ್ಕದಲ್ಲೇ ಕೂತೆ. ಕೇಳಿದೆ: "ಎಂತಕ್ಕೆ ಅಡ್ಗ್ಸ್ತ್ರಿ? ಕದ್ದ್ ತಂದ ಮಾಲಾ?"

ಅವರು ನನ್ನನ್ನೇ ನೋಡಿದರು. ಬೊಚ್ಚುಬಾಯಿ ನಿಧಾನವಾಗಿ ಅರಳಿತು. ಹೊದಿಕೆಯಿಂದ ಕೈ ಹೊರಗೆ ಬಂತು. ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಮಗಳು ತಂದುಕೊಟ್ಟ ತೆಂಗಿನೆಣ್ಣೆ ಸವರಿದೆ. ಆಮೇಲೆ ಆ ಎರಡೂ ಅಂಗೈಗಳನ್ನು ನನ್ನ ಕೆನ್ನೆಗೆ ಒತ್ತಿಕೊಂಡೆ. ಇಡೀ ಕೇರಿಯ ಕೈ ನೋಡಿದ ಬೇಬಿ ಅತ್ತೆ ಈ ಸಲ ತಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.