ಎಣ್ಣೆಯೋ ಬಿಸಿಲೋ

ಪುಷ್ಯ ಶುದ್ಧ ಪಂಚಮಿ, ಸೋಮವಾರ, ಬೆಳಿಗ್ಗೆ ಏಳು ಗಂಟೆ. ಅಕ್ಕನಿಗೆ ಮೀನೆಣ್ಣೆ ಆರಂಭ. ನನ್ನ ದಿನಚರಿಯಲ್ಲಿ ಇಷ್ಟೇ ಇದೆ.

ಸಿರುಗುಪ್ಪದ ಗಂಡನ ಮನೆಯಲ್ಲಿ ಎರಡನೆಯ ಬಾಣಂತನ ಮುಗಿದು ವರ್ಷವಾದರೂ ಅಕ್ಕ ಒಳಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಸೊಂಟ, ತೊಡೆಯ ಎಲುಬು ಮುಟ್ಟಿದರೆ ಚೀರುತ್ತಿದ್ದಳು. ಬಂಡಿಯಲ್ಲಿ ಮಲಗಿಸಿ ಬಳ್ಳಾರಿಗೆ ಕರೆತಂದೆವು. ಡಾಕ್ಟರು ಮೀನಿನ ಎಣ್ಣೆ ಕೊಟ್ಟು, ದಿನಾ ಕುಡಿಸಿ ಎಂದರು.

ಅವ್ವ ಸೀಸೆಯನ್ನು ದೂರ ಹಿಡಿದಳು. "ಲಿಂಗ ಕಟ್ಟಿದ ಕೊರಳಾಗ ಇದು ಇಳೀಬಾರದಪ್ಪ. ಮೈಗೆ ಹಚ್ತೀನಿ, ಅಷ್ಟ."

ಹಚ್ಚಿದ್ದೇ ತಡ, ಅಜ್ಜಿ ಕೂಗಿದಳು: "ದೇವರ ಕೋಣಿತನಕ ನಾರಾಕ ಹತ್ತೈತಿ! ಹಿತ್ತಲದಾಗ ಕುಂದ್ರಸ್ರಿ ಆಕೀನ!"

ಹಾಗೆ ಅಕ್ಕ ದಿನವೂ ತೋಳು, ಕಾಲು ಬಿಟ್ಟುಕೊಂಡು ಮಧ್ಯಾಹ್ನದವರೆಗೆ ಹಿತ್ತಲ ಬಿಸಿಲಲ್ಲಿ ಕೂರತೊಡಗಿದಳು. "ಮನ್ಯಾಗ ಯಾರಿಗೂ ಬ್ಯಾಡಾದೆ ನೋಡಲೇ ತಮ್ಮಾ. ಬೆಕ್ಕೊಂದ ನನ್ನ ಬಿಡವಲ್ದು," ಎಂದು ನಗುತ್ತಿದ್ದಳು. ಯುಗಾದಿಗೆ ಗೋಡೆ ಹಿಡಿದು ಎದ್ದಳು. ಕಾರಹುಣ್ಣಿಮೆಯ ಹೊತ್ತಿಗೆ ಬೀಸುವ ಕಲ್ಲಿನ ಮುಂದೆ ಕುಳಿತಿದ್ದಳು. ಬಿಡದೆ ಕಾಡುತ್ತಿದ್ದ ಕೆಮ್ಮೂ ನಿಂತಿತ್ತು.

ಅವಳ ನಾದಿನಿಯನ್ನು ಕುರುಗೋಡಿಗೆ ಕೊಟ್ಟಿತ್ತು. ತುಂಬಿದ ಬಸುರಿ, ಅದೇ ನೋವು. ಅಕ್ಕ ತಾನೇ ಸೀಸೆ ತುಂಬಿ ನನ್ನ ಕೈಗೆ ಕೊಟ್ಟಳು. ಅಲ್ಲಿ ನಾದಿನಿಯ ಅತ್ತೆ ಸೀಸೆಯ ಬಿರಟೆ ತೆಗೆದು ಮೂಸಿ, "ಬಾಗ್ಲ ಹಾಕ್ಕೊಂಡ ಹಚ್ತೀವ್ರಿ. ಓಣ್ಯಾಗ ವಾಸನಿ ಬಂದ್ರ ಜನ ಏನಂದಾರು?" ಎಂದರು.

ಒಳಗಿನ ಕತ್ತಲಿಂದ ನಾದಿನಿ ಕೇಳಿದಳು, "ಅತ್ತಿಗಿ ಖರೇನ ನಡೀತಾರೇನ್ರಿ?"

"ಓಡ್ತಾಳ," ಎಂದೆ.

ನಕ್ಕ ಸದ್ದು ಕೇಳಿತು. ಮುಖ ಕಾಣಲಿಲ್ಲ.

ಅವರು ಒಂದು ದಿನವೂ ತಪ್ಪಿಸದೆ ಹಚ್ಚಿದರು. ಆದರೂ ಅವಳು ಏಳಲಿಲ್ಲ. ಶ್ರಾವಣದಲ್ಲಿ ಮೂರು ದಿನ ನೋವು ತಿಂದಳು. ಸೊಂಟದ ಎಲುಬು ಕುಗ್ಗಿ ಕೂಸು ಬರಲು ದಾರಿಯೇ ಇರಲಿಲ್ಲವೆಂದು ಸೂಲಗಿತ್ತಿ ಹೇಳಿದಳಂತೆ. ಇಬ್ಬರೂ ಉಳಿಯಲಿಲ್ಲ.

ಈಗ ನಸುಕಿನಲ್ಲಿ ಅಕ್ಕನ ಹೆಜ್ಜೆಯ ಸದ್ದು ಕೇಳಿದಾಗಲೆಲ್ಲ ಅದರ ಬೆನ್ನಿಗೇ ಆ ಪ್ರಶ್ನೆಯೂ ಕೇಳುತ್ತದೆ: ಖರೇನ ನಡೀತಾರೇನ್ರಿ? ಎಣ್ಣೆ ಒಂದೇ, ಹಚ್ಚಿದ ರೀತಿಯೂ ಒಂದೇ. ಒಬ್ಬಳು ಬಿಸಿಲಲ್ಲಿದ್ದಳು, ಇನ್ನೊಬ್ಬಳು ಕತ್ತಲಲ್ಲಿ. ನನಗೆ ಕಾಣುವ ವ್ಯತ್ಯಾಸ ಅಷ್ಟೇ.

ಅಕ್ಕ ಮತ್ತೆ ಬಸುರಿ. ಗಾಳಿ ಸೋಕಬಾರದೆಂದು ಅಜ್ಜಿ ಈ ಸಲ ವಾಸನೆಯನ್ನೂ ಸಹಿಸಿ ಅವಳನ್ನು ಒಳಕೋಣೆಗೆ ಸೇರಿಸಿದ್ದಾಳೆ. ಎಣ್ಣೆ ಮಾತ್ರ ತಪ್ಪಿಲ್ಲ. ಅವಳನ್ನು ಹೊರಗೆ ತರಬೇಕೆಂದು ಅಜ್ಜಿಯನ್ನು ಒಪ್ಪಿಸಲು ನನ್ನ ಬಳಿ ಅನುಮಾನವಿದೆ, ಆಧಾರವಿಲ್ಲ. ಇಂಥ ನೋವಿನಿಂದ ಎದ್ದವರನ್ನು ಕಂಡವರು, ಅವರನ್ನು ಎಬ್ಬಿಸಿದ್ದು ಎಣ್ಣೆಯೋ ಬಿಸಿಲೋ ಬಲ್ಲವರು, ದಯಮಾಡಿ ಬೇಗ ಬರೆಯಿರಿ. ಅವಳಿಗೆ ಈಗ ಐದು ತಿಂಗಳು.